ಕೇಳುವವರ ಪಟ

(ದೆಹಲಿಯ ನೈರುತ್ಯ ಭಾಗದ ದ್ವಾರಕೆಯಲ್ಲಿ, ಪಾಲಂ ನಿಲ್ದಾಣಕ್ಕೆ ಇಳಿಯುವ ವಿಮಾನಗಳು ತಲೆಯ ಮೇಲೆಯೇ ಹಾಯ್ದುಹೋಗುವ ಒಂದು ಹೌಸಿಂಗ್ ಸೊಸೈಟಿಯ ಮನೆ. ಊಟ ಮುಗಿದಿದೆ, ಮೇಜಿನ ಮೇಲೆ ಅಚ್ಚಿನ ಚಿತ್ರಗಳು ಹರಡಿಕೊಂಡಿವೆ. ಮಾತನಾಡುವವರು ಇಬ್ಬರು: ಸರಕಾರಿ ಸೇವೆಯಿಂದ ನಿವೃತ್ತರಾಗಿ ಸಂಗೀತ ಶ್ರವಣವನ್ನೇ ಉದ್ಯೋಗವಾಗಿ ಮಾಡಿಕೊಂಡಿರುವ ಹಿರಿಯರು, ಚಿತ್ರಕಲೆ ಕಲಿಯುತ್ತಿರುವ ಅವರ ತಮ್ಮನ ಮಗಳು.)

ಕಿರಿಯಳು: ದೊಡ್ಡಪ್ಪ, ನಮ್ಮ ಸೊಸೈಟಿಯವರು ನನ್ನನ್ನು ಒಳ್ಳೆಯ ಇಕ್ಕಟ್ಟಿಗೆ ಸಿಕ್ಕಿಸಿದ್ದಾರೆ. ಕಳೆದ ತಿಂಗಳು ಸಮುದಾಯ ಭವನದಲ್ಲಿ ನಡೆದ ವೀಣೆಯ ಕಚೇರಿಯನ್ನು ಒಂದು ದೊಡ್ಡ ಪಟವಾಗಿ ಬರೆದುಕೊಡಬೇಕಂತೆ. ಅದನ್ನು ಭವನದ ಗೋಡೆಗೆ ತೂಗುಹಾಕುವರಂತೆ. ಸಂತೋಷದಿಂದಲೇ ಒಪ್ಪಿಕೊಂಡೆ. ಆಮೇಲೆ ಕಾರ್ಯದರ್ಶಿಗಳು ಬಂದು, ಕಲಾವಿದರು ಸ್ವಲ್ಪ ಚಿಕ್ಕದಾಗಿ ಕಂಡರೂ ಚಿಂತೆಯಿಲ್ಲ, ಮುಂದಿನ ಸಾಲಿನ ಸೋಫಾಗಳಲ್ಲಿದ್ದವರ ಮುಖಗಳು ಮಾತ್ರ ಗುರುತು ಸಿಕ್ಕುವಂತಿರಲಿ ಎಂದರು.

ಹಿರಿಯರು: ಅದರಲ್ಲಿ ಅವರ ತಪ್ಪೇನೂ ಇಲ್ಲವಮ್ಮ. ಚಿತ್ರಕಾರನಿಗೆ ಅನ್ನವಿಟ್ಟವರು ಎಂದಿನಿಂದಲೂ ಬೇಡಿಕೊಂಡು ಬಂದದ್ದು ಇದನ್ನೇ. ಹಾಡಿದವನ ಮುಖವು ಹಾಡಿನ ಸಂಗಡ ಜನರ ನೆನಪಿನಲ್ಲಿ ಉಳಿದೀತು. ಹಾಡಿಸಿದವನ ಮುಖ ಉಳಿಯಬೇಕಾದರೆ ಯಾರಾದರೂ ಬರೆದಿಡಬೇಕು. ನಮ್ಮ ಮೈಸೂರು ವಾಸುದೇವಾಚಾರ್ಯರು ‘ನಾ ಕಂಡ ಕಲಾವಿದರು’ ಎಂಬ ಗ್ರಂಥವನ್ನು ಬರೆದರು. ‘ನಾ ಕಂಡ ಶ್ರೋತೃಗಳು’ ಎಂದು ಬರೆಯಬೇಕೆಂದು ಯಾರಿಗೂ ತೋಚಿದಂತಿಲ್ಲ. ಆ ಕೊರತೆಯನ್ನು ನೀನಾದರೂ ಬಣ್ಣದಲ್ಲಿ ತುಂಬಿಕೊಡು.

ಕಿರಿಯಳು: ನಿಮಗೆ ಪರಿಹಾಸ್ಯ. ನನ್ನ ತೊಡಕು ಬೇರೆಯೇ ಇದೆ. ನಾದವನ್ನು ಬರೆಯುವುದಕ್ಕೆ ಯಾವ ಬಣ್ಣವೂ ಇಲ್ಲ. ವೀಣೆಯನ್ನು ಬರೆಯಬಲ್ಲೆ, ಮೀಟುವ ಬೆರಳನ್ನು ಬರೆಯಬಲ್ಲೆ. ಅದು ನುಡಿಯುತ್ತಿದೆ ಎಂಬುದನ್ನು ನೋಡುವವನು ನಂಬಬೇಕಾದರೆ ಅದನ್ನು ಕೇಳುತ್ತಿರುವವರ ಮೈಯಲ್ಲಿಯೇ ತೋರಿಸಬೇಕು. ಅಂದರೆ ಕಾರ್ಯದರ್ಶಿಗಳು ಹೇಳಿದಂತೆ ಶ್ರೋತೃಗಳನ್ನೇ ಪ್ರಧಾನವಾಗಿ ಬರೆಯಬೇಕಾಗುತ್ತದೆ. ಅವರ ಕಾರಣ ಬೇರೆ, ನನ್ನ ಕಾರಣ ಬೇರೆ. ಅದಕ್ಕಾಗಿಯೇ ಹಿಂದಿನವರು ಇಂಥ ಸಭೆಗಳನ್ನು ಹೇಗೆ ಬರೆದರೆಂದು ನೋಡೋಣವೆಂದು ಇವನ್ನೆಲ್ಲ ತಂದೆ. ಮೊದಲು ಇದನ್ನು ನೋಡಿ, ನಮ್ಮ ದೆಹಲಿಯದೇ.

ಹಿರಿಯರು: ಕನ್ನಡಕ ಕೊಡು. ಹಾಂ... ಮೇಲೆ ವಿಶಾಲವಾದ ಕೋಣೆಯ ಗೋಡೆ, ಕೆಳಗೆ ಬಿಳಿಯ ಹಾಸು, ದಿಂಬಿಗೆ ಒರಗಿ ಹುಕ್ಕದ ನಳಿಗೆ ಹಿಡಿದವನೊಬ್ಬ ನಮ್ಮ ದೇಶದ ಉಡುಪಿನ ದೊಡ್ಡ ಮನುಷ್ಯ. ಎದುರಿಗೆ ನರ್ತಕಿಯರು, ಮೇಳದವರು. ಯಾರಿವನು, ನವಾಬನೇ?

ಕಿರಿಯಳು: ನವಾಬನಲ್ಲ, ಸರ್ ಡೇವಿಡ್ ಆಕ್ಟರ್‌ಲೋನಿ. ಅಮೆರಿಕದ ಬಾಸ್ಟನ್ನಿನಲ್ಲಿ 1758ರಲ್ಲಿ ಹುಟ್ಟಿ, ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಸೇರಿ, 1803ರಲ್ಲಿ ದೆಹಲಿಯ ಮೊದಲ ಬ್ರಿಟಿಷ್ ರೆಸಿಡೆಂಟನಾದವನು. ಈ ಪಟವನ್ನು ಸುಮಾರು 1820ರಲ್ಲಿ, ಅವನು ಎರಡನೆಯ ಸಲ ಇಲ್ಲಿಗೆ ರೆಸಿಡೆಂಟನಾಗಿ ಬಂದಿದ್ದ ಕಾಲದಲ್ಲಿ, ಹೆಸರು ತಿಳಿಯದ ಒಬ್ಬ ದೆಹಲಿಯ ಚಿತ್ರಕಾರ ಬರೆದ. ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ.

ಹಿರಿಯರು: ಆಗ ಕೆಂಪು ಕೋಟೆಯಲ್ಲಿ ಎರಡನೆಯ ಅಕ್ಬರ್ ಷಾ ಬಾದಷಹನಾಗಿದ್ದನಷ್ಟೆ. ಆದರೆ ಕಂಪನಿಯ ಪಿಂಚಣಿಯ ಮೇಲೆ ಬದುಕುತ್ತಿದ್ದ ಬಾದಷಹ! ಕೋಟೆಯೊಳಗೆ ಸಿಂಹಾಸನ ಉಂಟು, ನೌಬತ್ ಖಾನೆ ಉಂಟು, ಅಧಿಕಾರ ಮಾತ್ರ ಕೋಟೆಯ ಹೊರಗಿನ ಈ ದಿಂಬಿನ ಮೇಲೆ ಒರಗಿಕೊಂಡಿದೆ. ಚರಿತ್ರೆಯ ಪುಸ್ತಕ ನಾಲ್ಕು ಅಧ್ಯಾಯಗಳಲ್ಲಿ ಹೇಳುವುದನ್ನು ಆ ಚಿತ್ರಕಾರ ಒಂದು ಆಸನದಲ್ಲಿ ಹೇಳಿಬಿಟ್ಟಿದ್ದಾನೆ, ನೋಡು. ಮುಘಲ ದರ್ಬಾರಿನ ಪಟಗಳಲ್ಲಿ ಬಾದಷಹನಿಗೆ ಸಲ್ಲುತ್ತಿದ್ದ ಸ್ಥಾನವನ್ನು ಹಾಗೆಯೇ ಎತ್ತಿ ಇವನಿಗೆ ಕೊಟ್ಟಿದ್ದಾನೆ.

ಕಿರಿಯಳು: ಇನ್ನೂ ಸ್ವಾರಸ್ಯವಾದದ್ದು ಮೇಲ್ಗಡೆ ಇದೆ. ಗೋಡೆಯ ಎತ್ತರದಲ್ಲಿ ನೋಡಿ.

ಹಿರಿಯರು: ಚೌಕಟ್ಟು ಹಾಕಿದ ಬಿಳಿಯರ ಪಟಗಳು. ಓಹೋ! ಕೋಟು ತೊಟ್ಟ ಆ ಮಂದಿ ಮೇಲಿನಿಂದ, ಪೈಜಾಮ ತೊಟ್ಟು ಕೆಳಗೆ ಕುಳಿತ ತಮ್ಮವನನ್ನು ನೋಡುತ್ತಿದ್ದಾರೆ. ಚಿತ್ರಕಾರ ಪರಿಹಾಸ್ಯಕ್ಕಾಗಿ ಹೀಗೆ ಬರೆದನೋ, ಇದ್ದದ್ದನ್ನು ಇದ್ದಂತೆ ಬರೆದನೋ?

ಕಿರಿಯಳು: ಅದನ್ನು ಪಟ ಹೇಳುವುದಿಲ್ಲ, ಹೇಳದಿರುವುದೇ ಅದರ ಜಾಣ್ಮೆ. ಆದರೆ ನಾನು ನೋಡಿದ್ದು ಬೇರೊಂದನ್ನು. ಇಲ್ಲಿ ಎರಡು ಸಭೆಗಳಿವೆ, ಹಾಸಿನ ಮೇಲೊಂದು, ಗೋಡೆಯ ಮೇಲೊಂದು. ಆದರೂ ಹಾಡನ್ನು ಕೇಳುತ್ತಿರುವವರು ಎರಡರಲ್ಲಿಯೂ ನನಗೆ ಸಿಕ್ಕಲಿಲ್ಲ. ಸಾಹೇಬರ ಕೈಯಲ್ಲಿ ಹುಕ್ಕ ಇದೆ. ನೋಟ ಇದೆ, ಶ್ರವಣ ಕಾಣೆ.

ಹಿರಿಯರು: ಅವಸರದ ತೀರ್ಪು ಕೊಡಬೇಡ. ಹುಕ್ಕ ಸೇದುವವನಿಗೆ ಕಿವಿ ಇಲ್ಲವೆಂದು ಯಾವ ಶಾಸ್ತ್ರ ಹೇಳುತ್ತದೆ? ನಮ್ಮ ಮೈಸೂರಿನಲ್ಲಿ ಬಾಯ್ತುಂಬ ಎಲೆಯಡಕೆ ಹಾಕಿಕೊಂಡು, ಮಾತೇ ಹೊರಡದ ಸ್ಥಿತಿಯಲ್ಲಿ, ಬರಿಯ ಹುಬ್ಬಿನಿಂದ ಒಂದು ಸಂಗತಿಗೆ ಭೇಷ್ ಎಂದವರನ್ನು ನಾನು ಬಲ್ಲೆ. ನಿಲ್ಲು, ವಿಮಾನ ಹೋಗಲಿ.

ಕಿರಿಯಳು: ...ಹೋಯಿತು.

ಹಿರಿಯರು: ಈ ವಿಮಾನಗಳು ಆವೊತ್ತು ಕಚೇರಿಯಲ್ಲಿಯೂ ಎಂಥ ಕಷ್ಟ ಕೊಟ್ಟವು! ವೀಣೆ ಮೊದಲೇ ಮೃದುವಾದ ವಾದ್ಯ. ಕಾಂಭೋಜಿಯ ಆಲಾಪನೆಯಲ್ಲಿ ಮೇಲಿನ ಷಡ್ಜವನ್ನು ಮುಟ್ಟುವ ಹೊತ್ತಿಗೆ ಸರಿಯಾಗಿ ಒಂದು ಬಂತು. ಆ ತಾಯಿ ಕೈಯನ್ನು ಹಾಗೆಯೇ ತಂತಿಯ ಮೇಲೆ ಇಟ್ಟುಕೊಂಡು, ಅದು ದಾಟುವವರೆಗೆ ಕಾದು, ಅಲ್ಲಿಂದಲೇ ಮುಂದುವರಿಸಿದರು. ಅದಿರಲಿ. ಕೇಳುವ ರಾಜನನ್ನು ನೋಡಬೇಕೆಂದಿದ್ದರೆ ನೀನು ಲಂಡನ್ನಿನವರೆಗೆ ಹೋಗಬೇಕಾಗಿಲ್ಲ. ಇಲ್ಲಿ ನೀಲಿ ಲೈನಿನ ಮೆಟ್ರೋ ಹತ್ತಿ, ರಾಜೀವ್ ಚೌಕದಲ್ಲಿ ಗಾಡಿ ಬದಲಾಯಿಸಿ, ಜನಪಥದ ರಾಷ್ಟ್ರೀಯ ಸಂಗ್ರಹಾಲಯಕ್ಕೆ ಹೋದರೆ ಸಾಕು. ಅಲ್ಲಿನ ಸಂಗ್ರಹದಲ್ಲಿ ಹರಿದಾಸರ ಪಟವೊಂದು ಉಂಟು.

ಕಿರಿಯಳು: ಅದೂ ಇಲ್ಲಿದೆ, ನೋಡಿ. ಸ್ವಾಮಿ ಹರಿದಾಸರು ಮರಗಳ ನಡುವೆ ತಂಬೂರಿ ಹಿಡಿದು ಕುಳಿತಿದ್ದಾರೆ. ಎದುರಿಗೆ ತಾನಸೇನ ನೆಲದ ಮೇಲೆ ಕುಳಿತಿದ್ದಾನೆ. ಅವನ ಹಿಂದೆ ಅಕ್ಬರ್ ಬಾದಷಹ ನಿಂತಿದ್ದಾನೆ. ರಾಜಸ್ಥಾನದ ಶೈಲಿ, ಕಿಶನ್‌ಗಢದ್ದೆನ್ನುತ್ತಾರೆ. ಹದಿನೆಂಟನೆಯ ಶತಮಾನದ ಮಧ್ಯಭಾಗದ್ದು.

ಹಿರಿಯರು: ಅಕ್ಬರ್ ತೀರಿಕೊಂಡದ್ದು 1605ರಲ್ಲಿ. ಅಂದಮೇಲೆ ಸುಮಾರು ಒಂದೂವರೆ ಶತಮಾನದ ಅನಂತರ ಬರೆದದ್ದು. ಚಿತ್ರಕಾರನು ಬರೆದದ್ದು ನಡೆದುದನ್ನಲ್ಲ, ಜನ ಹೇಳಿಕೊಂಡು ಬಂದ ಕತೆಯನ್ನು. ನಿನ್ನ ಗಾಯನಕ್ಕಿಂತ ನಿನ್ನ ಗುರುವಿನ ಗಾಯನ ಹೇಗೆ ಮಿಗಿಲಾಯಿತು ಎಂದು ಬಾದಷಹನು ಕೇಳಿದಾಗ, ನಾನು ತಮ್ಮ ಮುಂದೆ ಹಾಡುತ್ತೇನೆ, ಅವರು ಜಗದೀಶ್ವರನ ಮುಂದೆ ಹಾಡುತ್ತಾರೆ ಎಂದು ತಾನಸೇನನು ಉತ್ತರಿಸಿದನೆಂಬ ಕತೆಯನ್ನು ಉತ್ತರದಲ್ಲಿ ಕೇಳದವರಿಲ್ಲ. ಕತೆ ನಿಜವಿರಲಿ, ಇಲ್ಲದಿರಲಿ, ಪಟದ ವಿನ್ಯಾಸವನ್ನು ಗಮನಿಸು. ದರ್ಬಾರಿನ ಚಿತ್ರಗಳಲ್ಲೆಲ್ಲ ರಾಜ ಕುಳಿತಿರುತ್ತಾನೆ, ಉಳಿದವರು ನಿಂತಿರುತ್ತಾರೆ. ಇಲ್ಲಿ ಹಾಡುವವನೂ ಅವನ ಶಿಷ್ಯನೂ ಕುಳಿತಿದ್ದಾರೆ, ಚಕ್ರವರ್ತಿ ನಿಂತಿದ್ದಾನೆ. ಇಷ್ಟನ್ನು ಮಾತ್ರ ಬದಲಾಯಿಸಿದ್ದರಿಂದ ಸಂಗೀತಕ್ಕೆ ಬೇರೆ ಒಡೆಯನಿದ್ದಾನೆಂಬುದು, ಅಕ್ಷರ ಬಾರದವನಿಗೂ ತಿಳಿಯುವಂತಾಯಿತು.

ಕಿರಿಯಳು: ಒಪ್ಪುತ್ತೇನೆ, ಆದರೆ ಒಂದು ಸಂಶಯ. ಈ ಪಟವನ್ನು ಬರೆಸಿದವರು ಯಾರು? ಸಂನ್ಯಾಸಿಗಳಲ್ಲ, ಅವರಿಗೆ ಚಿತ್ರಕಾರರನ್ನು ಸಾಕುವ ಶಕ್ತಿಯಿರಲಿಲ್ಲ. ಇಂಥ ಪಟಗಳನ್ನು ಬರೆಸಿದವರೂ ಅರಸರೇ, ಕೈಯಲ್ಲಿ ಹಿಡಿದು ನೋಡಿದವರೂ ಅರಮನೆಯವರೇ. ಅಂದರೆ ನಿಂತು ಕೇಳುವ ಅಕ್ಬರನಲ್ಲಿ ತನ್ನನ್ನೇ ಕಂಡುಕೊಂಡು, ‘ನಾನೂ ಎಂಥ ವಿನಯಶಾಲಿಯಾದ ರಸಿಕ’ ಎಂದು ಸಂತೋಷಪಟ್ಟುಕೊಳ್ಳುವುದಕ್ಕೆ ಇದು ರಾಜನಿಗೆ ಒಂದು ನಾಜೂಕಾದ ಸೌಕರ್ಯವಾಯಿತಲ್ಲವೇ? ಸಿಂಹಾಸನದ ಪಟಕ್ಕಿಂತಲೂ ಸೂಕ್ಷ್ಮವಾದ ಮುಖಸ್ತುತಿ.

ಹಿರಿಯರು: ನಿನ್ನ ನಾಲಗೆ ನಿನ್ನ ಕುಂಚಕ್ಕಿಂತ ಹರಿತವಾಗಿದೆ. ಇರಬಹುದು. ಆದರೆ ಮುಖಸ್ತುತಿಯೇ ಆಗಲಿ, ಅದು ಯಾವ ಗುಣವನ್ನು ಹೊಗಳುತ್ತದೆಂಬುದರಿಂದಲೂ ಆ ಕಾಲದವರನ್ನು ಅಳೆಯಬಹುದು. ನಿಜವಾದ ಅಕ್ಬರನ ಸಂಗೀತ ವ್ಯವಸ್ಥೆ ಏನಿತ್ತೆಂಬುದನ್ನು ಅಬುಲ್ ಫಜಲನು ‘ಐನ್-ಇ-ಅಕ್ಬರಿ’ಯಲ್ಲಿ ಹೇಳಿದ್ದಾನೆ: ಆಸ್ಥಾನದ ಗಾಯಕ ವಾದಕರನ್ನು ಏಳು ತಂಡಗಳಾಗಿ ವಿಭಾಗಿಸಿ, ವಾರದ ಒಂದೊಂದು ದಿನಕ್ಕೆ ಒಂದೊಂದು ತಂಡವನ್ನು ಗೊತ್ತುಮಾಡಿದ್ದರಂತೆ. ನಾನು ಮೂವತ್ತು ವರ್ಷಕ್ಕೆ ಮೀರಿ ದುಡಿದ ಕಚೇರಿಯಲ್ಲಿದ್ದ ಡ್ಯೂಟಿ ಪಟ್ಟಿಯೇ ಸರಿ. ಸೋಮವಾರದ ತಂಡ, ಮಂಗಳವಾರದ ತಂಡ. 1562ರಲ್ಲಿ ಬಾಂಧವಗಢದ ರಾಜಾ ರಾಮಚಂದ್ರನ ಬಳಿಯಿಂದ ತಾನಸೇನನನ್ನು ಕರೆಸಿಕೊಂಡಾಗಲೂ, ಆ ರಾಜ ಮನಸ್ಸಿಲ್ಲದೆಯೇ ಕಳುಹಿಸಿಕೊಟ್ಟ. ಹಾಗಿರುವಾಗ, ಆಜ್ಞೆಯಿಂದ ಯಾರನ್ನಾದರೂ ಹಾಡಿಸಬಲ್ಲವನನ್ನು, ಆಜ್ಞೆ ನಡೆಯದ ಒಂದು ಮರದ ಕೆಳಗೆ ತಂದು ನಿಲ್ಲಿಸಿದ ಕಲ್ಪನೆ ಸಾಮಾನ್ಯವಾದುದಲ್ಲ.

ಕಿರಿಯಳು: ಆಜ್ಞೆ ನಡೆಯದ ಸ್ಥಳ ಇನ್ನೊಂದಿದೆ, ದೊಡ್ಡಪ್ಪ. ರಾಜನೇ ವಾದಕನಾದಾಗ! ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್ ಷಾನ ಚಿತ್ರ ನೋಡಿ. ಫರೂಖ್ ಬೇಗ್ ಬರೆದದ್ದು, ಈಗ ಪ್ರಾಗ್ ನಗರದ ಮ್ಯೂಸಿಯಮ್ಮಿನಲ್ಲಿದೆ. ಸುಲ್ತಾನನೇ ತಂಬೂರು ನುಡಿಸುತ್ತ ಕುಳಿತಿದ್ದಾನೆ, ಪರಿವಾರದವರು ಮೊಣಕಾಲೂರಿ ಕುಳಿತು ಕೇಳುತ್ತಿದ್ದಾರೆ.

ಹಿರಿಯರು: ‘ಕಿತಾಬ್-ಇ-ನವರಸ್’ ಬರೆದ ಸುಲ್ತಾನ. ನಮ್ಮ ಕನ್ನಡ ನೆಲದ ಮೇಲೆ ಆಳಿ, ದಖನಿಯಲ್ಲಿ ಹಾಡು ಕಟ್ಟಿ, ಸರಸ್ವತಿಯನ್ನೂ ಗಣಪತಿಯನ್ನೂ ಕೊಂಡಾಡಿದವನು. ತನ್ನ ತಂಬೂರಿಗೆ ಮೋತಿ ಖಾನ್ ಎಂದು ಹೆಸರಿಟ್ಟಿದ್ದ. ಆನೆಗೆ ಹೆಸರಿಟ್ಟ ಅರಸರು ಬೇಕಾದಷ್ಟು ಮಂದಿ, ವಾದ್ಯವನ್ನು ಮನುಷ್ಯನಂತೆ ಕರೆದವರು ವಿರಳ. ಬಿಜಾಪುರದ ಪಶ್ಚಿಮಕ್ಕೆ ನವರಸಪುರವೆಂಬ ಹೊಸ ಪಟ್ಟಣವನ್ನೇ ಕಟ್ಟಲು ಹೊರಟ. ಇಂಥವನು ಚೆನ್ನಾಗಿಯೇ ನುಡಿಸಿದ್ದಾನು. ಆದರೆ ಆ ಮೊಣಕಾಲೂರಿದವರ ಗತಿಯನ್ನು ಯೋಚಿಸು. ಅಪಸ್ವರ ಬಂದರೆ ಯಾರು ಹೇಳಬೇಕು?

ಕಿರಿಯಳು: ಅದೇ ಪ್ರಶ್ನೆಯ ಮೇಲೆ ಯೂರೋಪಿನಲ್ಲಿ ಒಂದು ದೊಡ್ಡ ಪಟವೇ ಇದೆ. ಬರ್ಲಿನ್ನಿನಲ್ಲಿರುವ ಮೆಂಜೆಲನದು, 1852ರದ್ದು: ಪ್ರಷ್ಯದ ದೊರೆ ಮಹಾ ಫ್ರೆಡರಿಕ್ ತನ್ನ ಸಾನ್‌ಸೂಸಿ ಅರಮನೆಯಲ್ಲಿ ಮೋಂಬತ್ತಿಗಳ ಬೆಳಕಿನಲ್ಲಿ ಕೊಳಲು ಬಾರಿಸುತ್ತಿರುವುದು. ಹಾರ್ಪ್ಸಿಕಾರ್ಡಿನ ಮುಂದೆ ಬಾಖನ ಮಗ ಇಮ್ಯಾನುಯೆಲ್. ಹಿಂದೆ ಸೋಫಾದ ಮೇಲೆ ದೊರೆಯ ಅಕ್ಕ. ಎಡಗಡೆ ವಿದ್ವಾಂಸನೊಬ್ಬ ಬೇಸರದಿಂದ ಛಾವಣಿಯ ಕಡೆಗೆ ಮುಖವೆತ್ತಿದ್ದಾನೆ. ಬಲಗಡೆಯ ಕೊನೆಯಲ್ಲಿ ಗೋಡೆಗೆ ಒರಗಿ ತಲೆ ತಗ್ಗಿಸಿ ನಿಂತಿರುವ ಈ ಮುದುಕನೇ ಕ್ವಾಂಟ್ಸ್, ದೊರೆಗೆ ಕೊಳಲು ಕಲಿಸಿದ ಗುರು. ಬರ್ನಿ ಎಂಬ ಇಂಗ್ಲಿಷ್ ಸಂಗೀತಜ್ಞ 1772ರಲ್ಲಿ ಅಲ್ಲಿಗೆ ಹೋಗಿದ್ದಾಗ ಕಂಡು ಬರೆದಿಟ್ಟಂತೆ, ದೊರೆಯ ವಾದನಕ್ಕೆ ಭೇಷ್ ಎನ್ನುವ ಅಧಿಕಾರ ಮೇಳದಲ್ಲಿ ಆ ಗುರುವೊಬ್ಬನಿಗೆ ಮಾತ್ರ ಇತ್ತು.

ಹಿರಿಯರು: ಎಂಥ ಒಳ್ಳೆಯ ಏರ್ಪಾಡು! ನಮ್ಮ ಸಭೆಗಳಲ್ಲಿಯೂ ಅದನ್ನು ಜಾರಿಗೆ ತಂದರೆ ಎಷ್ಟು ನೆಮ್ಮದಿ. ಸಮ ಎಲ್ಲಿ ಬಂತೆಂದು ತಿಳಿಯದವರು ಅನುಪಲ್ಲವಿಯ ನಡುವೆ ಚಪ್ಪಾಳೆ ಹೊಡೆಯುವುದಾದರೂ ನಿಂತೀತು. ಆದರೆ ನೋಡು, ಎಲ್ಲರಿಗಿಂತ ಚೆನ್ನಾಗಿ ಕೇಳುತ್ತಿರುವವನನ್ನು ಮೆಂಜೆಲನು ಎಲ್ಲರಿಗಿಂತ ಅಂಚಿನಲ್ಲಿ ನಿಲ್ಲಿಸಿದ್ದಾನೆ. ಇಲ್ಲಿಯೂ ನಿಂತವನೇ ಕೇಳುವವನು. ಕುಳಿತವರ ಪೈಕಿ ಯಾರ ಕಿವಿ ತೆರೆದಿದೆಯೆಂದು ನಾನು ಪಣ ಕಟ್ಟಲಾರೆ.

ಕಿರಿಯಳು: ಮತ್ತೆ ರವಿವರ್ಮನು ಮೈಸೂರಿಗಾಗಿ ಬರೆದದ್ದು? ಜಗನ್ಮೋಹನ ಅರಮನೆಯಲ್ಲಿ ನೀವೇ ನನ್ನನ್ನು ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿದ್ದಿರಿ. ಬೇರೆ ಬೇರೆ ಪ್ರಾಂತಗಳ ಹನ್ನೊಂದು ಮಂದಿ ಸ್ತ್ರೀಯರು, ವಾದ್ಯಗಳು, ಸೀರೆಗಳು, ಒಡವೆಗಳು. 1889ರ ಪಟ. ಶ್ರೋತೃಗಳೆಂಬುವರು ಒಬ್ಬರೂ ಇಲ್ಲ.

ಹಿರಿಯರು: ಇಲ್ಲದೆ ಏನು? ಪಟದ ಮುಂದೆ ಯಾರು ನಿಂತಿರುವನೋ ಅವನೇ. ಚಾಮರಾಜೇಂದ್ರ ಒಡೆಯರು ಬರೆಸಿದ್ದರು, ಅವರು ನೋಡಲೆಂದೇ ಬರೆದದ್ದು. ಆದ್ದರಿಂದ ಆ ಹನ್ನೊಂದು ಮಂದಿಯ ಸಭೆಗೆ ಮಹಾರಾಜರೇ ಏಕಮಾತ್ರ ಶ್ರೋತೃ. ಅವರ ಆಸನವನ್ನು ಚಿತ್ರಕಾರ ಚೌಕಟ್ಟಿನ ಹೊರಗೆ ಇಟ್ಟ. ಈಗ ಟಿಕೆಟ್ಟು ಕೊಂಡು ಹೋಗುವ ಶಾಲೆಯ ಹುಡುಗರೆಲ್ಲರೂ ಆ ಆಸನದಲ್ಲಿ ನಿಂತು ನೋಡುತ್ತಾರೆ. ಪ್ರಜಾಪ್ರಭುತ್ವವನ್ನು ತರಬೇಕೆಂಬ ಉದ್ದೇಶ ರವಿವರ್ಮನಿಗೆ ಇದ್ದಿರಲಾರದು!

ಕಿರಿಯಳು: ಆದರೆ ಅಲ್ಲಿ ಸಂಗೀತ ನಡೆಯುತ್ತಿದೆ ಎಂದು ನನಗೆ ಅನ್ನಿಸಲೇ ಇಲ್ಲ. ಅಷ್ಟು ಮಂದಿ ಒಟ್ಟಿಗೆ ಸೇರಿದ್ದಾರೆ, ಆದರೆ ಒಬ್ಬೊಬ್ಬರ ನೋಟ ಒಂದೊಂದು ಕಡೆಗಿದೆ. ಒಬ್ಬರ ಶ್ರುತಿಯನ್ನು ಇನ್ನೊಬ್ಬರು ಕೇಳುತ್ತಿರುವ ಗುರುತಿಲ್ಲ.

ಹಿರಿಯರು: ಹನ್ನೊಂದು ಪ್ರಾಂತದವರು ಒಂದೇ ಶ್ರುತಿಗೆ ಬರುವುದು ದೆಹಲಿಯಲ್ಲಿ ಈವೊತ್ತಿಗೂ ಕಷ್ಟ, ಬಿಡು. ಮೈಸೂರಿನ ಪ್ರಸ್ತಾಪ ಬಂದದ್ದರಿಂದ ಹೇಳುತ್ತೇನೆ: ಯಾವ ಚಿತ್ರಕಾರನೂ ಬರೆಯದ ಒಂದು ಪಟ ನನ್ನ ಮನಸ್ಸಿನಲ್ಲಿದೆ. 1950ನೆಯ ಇಸವಿ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ, ರಿಚರ್ಡ್ ಸ್ಟ್ರಾಸ್ ಎಂಬ ಜರ್ಮನ್ ವಾಗ್ಗೇಯಕಾರನು ತನ್ನ ಅಂತ್ಯಕಾಲದಲ್ಲಿ ರಚಿಸಿದ ನಾಲ್ಕು ಗೀತೆಗಳನ್ನು ಮೊಟ್ಟಮೊದಲು ಹಾಡಿದರು. ಕರ್ತೃ ಹಿಂದಿನ ವರ್ಷವೇ ಗತಿಸಿದ್ದ. ಹಾಡಿದವರು ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್, ಫಿಲ್‌ಹಾರ್ಮೋನಿಯ ವಾದ್ಯವೃಂದವನ್ನು ನಡೆಸಿದವರು ಫುರ್ಟ್‌ವೆಂಗ್ಲರ್. ಆ ಕಚೇರಿಗೆ 4,800 ಡಾಲರುಗಳ ಹೊಣೆ ಹೊತ್ತವರು ನಮ್ಮ ಜಯಚಾಮರಾಜ ಒಡೆಯರು.

ಕಿರಿಯಳು: ಅವರು ಮುಂದಿನ ಸಾಲಿನಲ್ಲಿ ಕುಳಿತಿದ್ದರೇ?

ಹಿರಿಯರು: ಇಲ್ಲ! ಅದೇ ಸ್ವಾರಸ್ಯ. ಅವರು ಅಲ್ಲಿಗೆ ಹೋಗುವುದು ಸಾಧ್ಯವಾಗಲಿಲ್ಲ. ಧ್ವನಿಮುದ್ರಣ ಮಾಡಿಸಿ ಕಳುಹಿಸಿದುದನ್ನು ಕೇಳಿದರು. ಆ ಸಭೆಯನ್ನು ನೀನು ಬರೆಯುವುದಾದರೆ ಮಹಾರಾಜರನ್ನು ಎಲ್ಲಿ ಕೂರಿಸುತ್ತೀಯೆ? ಹಣ ಕೊಟ್ಟವರು, ಸಂಗೀತ ಬಲ್ಲವರು, ಶ್ರೀವಿದ್ಯಾ ಎಂಬ ಅಂಕಿತದಿಂದ 94 ಕೃತಿಗಳನ್ನು ಕೊಟ್ಟವರು. ಇಷ್ಟೆಲ್ಲ ಇದ್ದೂ ಸಭೆಯಲ್ಲಿ ಅವರಿಗೊಂದು ಕುರ್ಚಿ ಇಲ್ಲ. ಆಕ್ಟರ್‌ಲೋನಿಗೆ ದಿಂಬೂ ಇತ್ತು, ಹುಕ್ಕವೂ ಇತ್ತು. ಇಬ್ಬರಲ್ಲಿ ಶ್ರೋತೃ ಯಾರು, ಹೇಳು.

ಕಿರಿಯಳು: ಅದನ್ನೇ ನಾನು ಇಷ್ಟು ಹೊತ್ತು ತಡಕಾಡುತ್ತಿದ್ದದ್ದು. ಆಸನವನ್ನು ಬರೆದರೆ ಅಧಿಕಾರ ಕಾಣುತ್ತದೆ, ಶ್ರವಣ ಕಾಣುವುದಿಲ್ಲ. ಮುಖವನ್ನು ನೆಚ್ಚುವಂತೆಯೂ ಇಲ್ಲ. ಕಣ್ಣು ಮುಚ್ಚಿ ತಲೆದೂಗುವವರು ತಲ್ಲೀನರೋ ನಿದ್ರಾವಶರೋ, ಯಾರು ಬಲ್ಲರು?

ಹಿರಿಯರು: ನನ್ನ ಕಡೆ ನೋಡಿ ಏಕೆ ನಗುತ್ತೀಯೆ? ಕೈಯನ್ನು ನೋಡು ಮಗೂ, ಕೈಯನ್ನು. ಈ ಉತ್ತರದ ಪಟಗಳಲ್ಲಿಯೂ ಆ ಯೂರೋಪಿನ ಪಟದಲ್ಲಿಯೂ ಶ್ರೋತೃಗಳ ಕೈಗಳು ಏನು ಮಾಡುತ್ತಿವೆ? ಹುಕ್ಕ ಹಿಡಿದಿವೆ, ಮಡಿಲಿನಲ್ಲಿ ಬಿದ್ದಿವೆ. ನಮ್ಮ ಕಚೇರಿಯಲ್ಲಿ ಹಾಗಲ್ಲ. ಆವೊತ್ತು ಪಲ್ಲವಿ ನಡೆಯುವಾಗ ಎರಡನೆಯ ಸಾಲಿನಲ್ಲಿ ಕುಳಿತಿದ್ದ ಆ ಅಜ್ಜಿಯನ್ನು ನೀನು ನೋಡಿದ್ದೀಯೆ. ಬಲಗೈ ತೊಡೆಯ ಮೇಲೆ, ಒಂದು ತಟ್ಟು, ಆಮೇಲೆ ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ಮತ್ತೆ ತಟ್ಟು, ಬೀಸು, ತಟ್ಟು, ಬೀಸು. ಆದಿತಾಳದ ಎಂಟು ಅಕ್ಷರಗಳು. ಈಗ ನೀನು ಆ ಕೈಯನ್ನು ಒಂದು ಕ್ಷಣದಲ್ಲಿ ಹಿಡಿದು ನಿಲ್ಲಿಸಿದೆ ಎನ್ನು. ಹೆಬ್ಬೆರಳ ತುದಿ ಉಂಗುರದ ಬೆರಳಿಗೆ ತಾಕಿದೆ. ಅಷ್ಟನ್ನು ನೋಡಿದರೆ, ಆ ಕ್ಷಣದಲ್ಲಿ ಆವರ್ತದ ಮೂರನೆಯ ಅಕ್ಷರ ನಡೆಯುತ್ತಿತ್ತೆಂದು ತಾಳ ಬಲ್ಲ ಯಾರಾದರೂ ಹೇಳಿಯಾರು. ನಾದವನ್ನು ಬರೆಯಲು ಬಾರದೆಂದೆಯಲ್ಲ, ನಾದ ಎಲ್ಲಿಗೆ ಬಂದು ಮುಟ್ಟಿತ್ತೆಂಬುದನ್ನು ಬರೆಯಲು ಬರುತ್ತದೆ.

ಕಿರಿಯಳು: ದೊಡ್ಡಪ್ಪ! ಹಾಗಾದರೆ ಐದಾರು ಮಂದಿಯ ಕೈಗಳನ್ನು ಒಂದೇ ಬೆರಳಿನಲ್ಲಿ ನಿಲ್ಲಿಸಿ ಬರೆದರೆ...

ಹಿರಿಯರು: ಅವರೆಲ್ಲರೂ ಒಂದೇ ಸಂಗೀತವನ್ನು ಕೇಳುತ್ತಿದ್ದಾರೆಂದು ಪಟವೇ ಪ್ರಮಾಣ ಹೇಳುತ್ತದೆ. ಮೃದಂಗದವರ ಬಲಗೈಯೂ ಅದಕ್ಕೆ ಹೊಂದಿಕೊಂಡಿರಬೇಕು, ಅದನ್ನು ಮರೆಯಬೇಡ. ಇನ್ನು ನಾಲ್ಕನೆಯ ಸೋಫಾದಲ್ಲಿ ಕುಳಿತ ಮಹನೀಯರೊಬ್ಬರು ಬಹಳ ಗಂಭೀರವಾಗಿ ತಾಳ ಹಾಕುತ್ತಿದ್ದರಲ್ಲ, ಅವರ ಕೈಯನ್ನು ಬೀಸಿನಲ್ಲಿ ಇಡು. ಬಲ್ಲವರು ನಕ್ಕಾರು, ಬಾರದವರಿಗೆ ಏನೂ ಗೊತ್ತಾಗದು, ಅವರ ಮನೆಯವರು ಪಟವನ್ನು ಕಂಡು ಹಿಗ್ಗುವರು. ಮೂರು ಪಕ್ಷಕ್ಕೂ ತೃಪ್ತಿ.

ಕಿರಿಯಳು: ಕೆ. ವೆಂಕಟಪ್ಪನವರಿದ್ದಿದ್ದರೆ ಇದನ್ನು ಕಣ್ಮುಚ್ಚಿ ಬರೆದುಬಿಡುತ್ತಿದ್ದರು. ಕಲ್ಕತ್ತೆಯಲ್ಲಿ ಅವನೀಂದ್ರನಾಥರ ಬಳಿ ಚಿತ್ರ ಕಲಿತು ಬಂದು, ಮೈಸೂರಿನಲ್ಲಿ ಶೇಷಣ್ಣನವರ ಬಳಿ ವೀಣೆ ಕಲಿತವರು. ನನಗೆ ಆದಿತಾಳವೇ ಎರಡು ಆವರ್ತಕ್ಕೆ ಮೀರಿ ನಿಲ್ಲುವುದಿಲ್ಲ.

ಹಿರಿಯರು: ನಾಳೆ ಬೆಳಗ್ಗೆ ಕಾಫಿಯ ಹೊತ್ತಿಗೆ ಕುಳಿತುಕೋ, ನಿಲ್ಲಿಸಿಕೊಡುತ್ತೇನೆ. ಆದರೆ ನಿನ್ನ ಮುಖ್ಯ ಅತಿಥಿಗಳ ವಿಷಯ ಏನು ಮಾಡಿದೆ?

ಕಿರಿಯಳು: ಅದನ್ನು ಆಗಲೇ ತೀರ್ಮಾನಿಸಿದ್ದೇನೆ. ಅವರು ಬಂದದ್ದು ಒಂದು ಗಂಟೆ ತಡವಾಗಿ. ಅಲ್ಲಿಯವರೆಗೆ ನಟ್ಟನಡುವಿನ ಸೋಫಾ, ಹೆಸರಿನ ಚೀಟಿ ಅಂಟಿಸಿಕೊಂಡು, ನೀರಿನ ಬಾಟಲಿಯನ್ನು ಮುಂದಿಟ್ಟುಕೊಂಡು ಖಾಲಿಯಾಗಿಯೇ ಇತ್ತು; ಹಿಂದೆ ಜನ ಗೋಡೆಗೆ ಒರಗಿ ನಿಂತಿದ್ದರು. ಖಾಲಿ ಸೋಫಾವನ್ನೇ ಪಟದ ಮಧ್ಯಕ್ಕೆ ಇಡುತ್ತೇನೆ. ಆಕ್ಟರ್‌ಲೋನಿಯ ಚಿತ್ರಕಾರನಿಗಿದ್ದಷ್ಟು ಧೈರ್ಯ ನನಗೂ ಉಂಟು.

ಹಿರಿಯರು: ಸುಲಭವಾದ ಧೈರ್ಯ ಅದು. ದೊಡ್ಡವರನ್ನು ಅಣಕಿಸುವುದಕ್ಕೆ ನಮ್ಮ ಕಾಲದಲ್ಲಿ ಅಷ್ಟೇನೂ ಎದೆಗಾರಿಕೆ ಬೇಕಾಗಿಲ್ಲ. ನೀನು ಮುಂದೆ ಕುಳಿತು ನಕ್ಷೆ ಹಾಕುತ್ತಿದ್ದೆ, ಬಾಗಿಲಿನ ಕಡೆಗೆ ನಿನ್ನ ಬೆನ್ನಿತ್ತು. ನಾನು ಕೆಮ್ಮು ಬಂದೀತೆಂದು ಬಾಗಿಲ ಬಳಿಯೇ ಕುಳಿತಿದ್ದೆ. ಆ ಮನುಷ್ಯ ಬಂದದ್ದು ಆಲಾಪನೆಯ ನಡುವೆ. ವಿಮಾನ ದಾಟಲೆಂದು ಆ ತಾಯಿ ಕಾಯುತ್ತಿದ್ದರಲ್ಲ, ಆಗ. ಕಾರ್ಯದರ್ಶಿಗಳು ಹಾರ ಹಿಡಿದುಕೊಂಡು ಓಡಿಬಂದರು. ಅತಿಥಿಗಳು ಕೈಸನ್ನೆಯಿಂದ ತಡೆದು, ಚಪ್ಪಲಿ ಕಳಚಿ, ಬಾಗಿಲ ಚೌಕಟ್ಟಿಗೆ ಒರಗಿ ನಿಂತರು. ಆಲಾಪನೆ ಮುಗಿಯಿತು, ತಾನ ಮುಗಿಯಿತು, ಪಲ್ಲವಿ ಮುಗಿದು ತನಿ ಆವರ್ತನವೂ ಮುಗಿಯಿತು; ಅಲ್ಲಿಂದ ಕದಲಲಿಲ್ಲ. ಬೆರಳು ಮಾತ್ರ ಷರಾಯಿಯ ಮೇಲೆ ಎಣಿಸುತ್ತಿದ್ದವು. ಸರಿಯಾಗಿಯೇ ಎಣಿಸುತ್ತಿದ್ದವು, ನಾನು ನೋಡಿದೆ.

ಕಿರಿಯಳು: ಇದನ್ನು ನೀವು ಆವೊತ್ತೇ ಏಕೆ ಹೇಳಲಿಲ್ಲ?

ಹಿರಿಯರು: ಯಾರು ಕೇಳಿದರು? ನೀವೆಲ್ಲ ಮನೆಗೆ ಬರುವಾಗ ದಾರಿಯುದ್ದಕ್ಕೂ ಅವರು ತಡವಾಗಿ ಬಂದುದನ್ನೇ ಆಡಿಕೊಂಡಿರಿ. ಭಾಷಣದಲ್ಲಿ ಅವರೂ ಏನೂ ಹೇಳಿಕೊಳ್ಳಲಿಲ್ಲ. ಎರಡು ಮಾತು ಆಡಿ ಕುಳಿತರು.

ಕಿರಿಯಳು: ಹಾಗಾದರೆ ಅವರನ್ನು ಬಾಗಿಲಲ್ಲಿ ಬರೆಯಬೇಕು, ಅರೆನೆರಳಿನಲ್ಲಿ, ಚಪ್ಪಲಿಯಿಲ್ಲದ ಕಾಲು, ಷರಾಯಿಯ ಮೇಲೆ ಬೆರಳು. ಅಜ್ಜಿಯ ಬೆರಳು ಇಲ್ಲಿ, ಅವರ ಬೆರಳು ಅಲ್ಲಿ, ಎರಡೂ ಮೂರನೆಯ ಅಕ್ಷರದಲ್ಲಿ. ಪಟದ ಒಂದು ಕೋನದಿಂದ ಇನ್ನೊಂದಕ್ಕೆ ಒಂದು ರೇಖೆಯೇ ಎಳೆದಂತಾಗುತ್ತದೆ, ವೀಣೆ ಅದರ ನಡುವೆ ಬರುತ್ತದೆ. ಆದರೆ ದೊಡ್ಡಪ್ಪ, ಕಾರ್ಯದರ್ಶಿಗಳು ಇದನ್ನು ಖಂಡಿತ ಒಪ್ಪುವುದಿಲ್ಲ. ಮುಖ್ಯ ಅತಿಥಿಯನ್ನು ಬಾಗಿಲಲ್ಲಿ ನಿಲ್ಲಿಸಿದೆವೆಂದು ಶಾಶ್ವತವಾಗಿ ಗೋಡೆಯ ಮೇಲೆ ಬರೆದಿಡುತ್ತೀಯಾ ಎನ್ನುತ್ತಾರೆ. ಸೋಫಾದಲ್ಲಿ ಯಾರನ್ನು ತೋರಿಸಲಿ ಎಂದರೆ ಏನು ಹೇಳಲಿ?

ಹಿರಿಯರು: ಇದ್ದವರನ್ನೇ ತೋರಿಸು. ತಾನ ಶುರುವಾಗುವ ಹೊತ್ತಿಗೆ ಬಿ ಬ್ಲಾಕಿನ ಮೂರು ಮಕ್ಕಳು ಆ ಸೋಫಾವನ್ನು ಹತ್ತಿ, ಹೆಸರಿನ ಚೀಟಿಯನ್ನು ಕಿತ್ತು, ಅತಿಥಿಗಳಿಗೆಂದು ಇಟ್ಟಿದ್ದ ಚಕ್ಕುಲಿಯನ್ನು ಮುರಿದು ತಿನ್ನುತ್ತಿದ್ದರು. ಅದರಲ್ಲಿ ಒಬ್ಬ ಕಾರ್ಯದರ್ಶಿಗಳ ಮೊಮ್ಮಗ. ಆ ಮುಖವನ್ನು ಚೆನ್ನಾಗಿ ಗುರುತು ಸಿಕ್ಕುವಂತೆ ಬರೆ; ಪಟ ಒಪ್ಪಿಗೆಯಾಗುತ್ತದೆ.